ಹೃದಯಕ್ಕೆ 9 ಚುಕ್ಕಿ, ಮೂತ್ರಕೋಶಕ್ಕೆ 67

ಗಾಂಧಿ ಬಜಾರಿನ ಹೂವಿನಂಗಡಿಗಳಿಗೆ ಸಮೀಪ, ಮೊದಲ ಮಹಡಿಯಲ್ಲೊಂದು ಕೋಣೆ. ಮೈಮೇಲೆ ಹಗುರವಾಗಿ ಕೈಯಿಟ್ಟು 'ಎನರ್ಜಿ' ಸರಿಪಡಿಸುವ ಜಾಗ. ಗೋಡೆಯಲ್ಲಿ ಮನುಷ್ಯಾಕಾರದ ಪಟವೊಂದಿದೆ. ಮೈತುಂಬ ಬಣ್ಣದ ಗೆರೆ, ಗೆರೆತುಂಬ ಚುಕ್ಕಿ. ಬಟ್ಟೆ ಮಾತ್ರ ಇಲ್ಲ. ಹೀಲರ್ ಮೇಡಂ ಊಟಕ್ಕೆ ಹೋಗಿದ್ದಾಗ ಪಟದ ಜೊತೆ ನಡೆದ ಮಾತುಕತೆ ಇದು.

ನಾನು: ನಮಸ್ಕಾರ. ಹಗಲೂ ರಾತ್ರಿ ನಿಂತೇ ಇರ್ತೀರಲ್ಲ, ಕಾಲು ನೋಯಲ್ವೆ?

ಪಟ: ನೋಯುತ್ತೆ. ಆದ್ರೆ ಈ ಮಂಚದ ಮೇಲೆ ಮಲಗೋಕೆ ನನ್ನ ಹತ್ರ ದುಡ್ಡೆಲ್ಲಿದೆ?

ನಾನು: ಮೈಮೇಲಿನ ಗೆರೆಗಳೇನು?

ಪಟ: ಮೆರಿಡಿಯನ್ನು. ಚೀನಾದವರ ಲೆಕ್ಕ. ಮುಖ್ಯವಾದವು 12, ಮುಂದೊಂದು ಹಿಂದೊಂದು ಸೇರಿ 14. ಚುಕ್ಕಿ, ಅಂದ್ರೆ ಅಕ್ಯುಪಂಕ್ಚರ್ ಸೂಜಿ ಚುಚ್ಚೋ ಜಾಗ, ಒಟ್ಟು 361. ಎಲ್ಲೆಲ್ಲಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2008ರಲ್ಲಿ ಪುಸ್ತಕ ಮಾಡಿದೆ. ಹೃದಯಕ್ಕೆ 9, ಶ್ವಾಸಕೋಶಕ್ಕೆ 11, ಮೂತ್ರಕೋಶಕ್ಕೆ 67.

ನಾನು: ಹೃದಯಕ್ಕೆ ಒಂಬತ್ತೇ?

ಪಟ: ಲೆಕ್ಕ ಹಾಕಿದವರಿಗೆ ವಯಸ್ಸಾಗಿತ್ತು ಅನ್ಸುತ್ತೆ. ಲಾಲ್‌ಬಾಗಿಗೆ ವಾಕಿಂಗ್ ಬರೋ ಯಾವ ಹಿರಿಯರನ್ನಾದ್ರೂ ಕೇಳಿ, ಹಂಚಿಕೆ ನ್ಯಾಯವಾಗಿದೆ ಅಂತಾರೆ.

ನಾನು: ಗೆರೆ ನಿಜವಾಗಿ ಮೈಯೊಳಗಿದೆಯೆ?

ಪಟ: ಮೆಡಿಕಲ್ ಕಾಲೇಜಲ್ಲಿ ಹೆಣ ಕೊಯ್ಯೋ ಹುಡುಗರಿಗೆ ನರ ಸಿಗುತ್ತೆ, ರಕ್ತನಾಳ ಸಿಗುತ್ತೆ. ಇದು ಸಿಕ್ಕಿಲ್ಲ. ಅಷ್ಟೇ ಯಾಕೆ, ನನ್ನ ಹನ್ನೆರಡರಲ್ಲಿ 'ಟ್ರಿಪಲ್ ಬರ್ನರ್' ಅಂತ ಒಂದು ಅಂಗ ಇದೆ, ಮೂರೊಲೆಯದು. ಯಾವ ಅನಾಟಮಿ ಪುಸ್ತಕದಲ್ಲೂ ಇಲ್ಲ. ಇಲ್ಲದ ಅಂಗಕ್ಕೆ 23 ಚುಕ್ಕಿ, ಬಡಿದುಕೊಳ್ಳೋ ಹೃದಯಕ್ಕೆ 9!

ನಾನು: ಸೂಜಿ ಬಿಟ್ಟು ಬರೀ ಕೈ ಇಡೋದು ಯಾವಾಗ ಶುರುವಾಯ್ತು?

ಪಟ: ಅದು ಜಪಾನಿನವರ ಸೇರ್ಪಡೆ. ಮಿಕಾವೊ ಉಸುಯಿ 1922ರಲ್ಲಿ ಕುರಾಮಾ ಬೆಟ್ಟದಲ್ಲಿ ಉಪವಾಸ ಕೂತು ರೇಕಿ ಕಂಡುಕೊಂಡ್ರಂತೆ. ಜಿರೊ ಮುರಾಯಿ ಅವರದು ಜಿನ್ ಶಿನ್ ಜ್ಯುತ್ಸು, ಅದೂ ಕೈ ಇಡೋ ವಿದ್ಯೆಯೇ. ಆಮೇಲೆ ಹವಾಯಿಯ ಹವಾಯೊ ತಕಾಟಾ ರೇಕಿ ಮಾಸ್ಟರ್ ದೀಕ್ಷೆಗೆ 10,000 ಡಾಲರ್ ಇಟ್ಟರು. ವಿಶ್ವಶಕ್ತಿ ಎಲ್ಲರಿಗೂ ಸೇರಿದ್ದು, ಕನೆಕ್ಷನ್ ಚಾರ್ಜು ಬೇರೆ. ಬೆಸ್ಕಾಂನವರಿಗೂ ಈ ದರ ಹೊಳೆದಿಲ್ಲ. ಇಲ್ಲಿ ಚೀನಾದ ಗೆರೆ, ಜಪಾನಿನ ಕೈ, ನಮ್ಮ ಚಕ್ರ, ಹಿನ್ನೆಲೆಗೆ ಕೊಳಲು, ಎಲ್ಲ ಒಂದೇ ಪ್ಯಾಕೇಜಲ್ಲಿ ಸಿಗುತ್ತೆ.

ನಾನು: ಬೋರ್ಡಿನಲ್ಲಿ 'ವಾಸಿ ಮಾಡುತ್ತೇವೆ' ಅಂತ ಎಲ್ಲೂ ಬರೆದಿಲ್ಲವಲ್ಲ?

ಪಟ: 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಇದೆ ಸ್ವಾಮಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಪವಾಡದಿಂದ ವಾಸಿ ಅಂತ ಜಾಹೀರಾತು ಹಾಕಿದ್ರೆ ಕೇಸು. ಅದಕ್ಕೇ 'ಬ್ಲಾಕೇಜ್ ತೆಗೀತೀವಿ' ಅಂತ ಬರೆಸಿದ್ದಾರೆ. ತೆಗೆದಿಲ್ಲ ಅಂತ ಸಾಬೀತು ಮಾಡಬೇಕಾದ್ರೆ ಇನ್ಸ್‌ಪೆಕ್ಟರು ಮೊದಲು ಬ್ಲಾಕೇಜ್ ಎಲ್ಲಿದೆ ಅಂತ ತೋರಿಸಬೇಕು.

ನಾನು: ನ್ಯಾಷನಲ್ ಕಾಲೇಜು ಇಲ್ಲೇ ಹತ್ತಿರ. ಅಲ್ಲಿನ ಎಚ್. ನರಸಿಂಹಯ್ಯನವರ ಭಯ ಇತ್ತೆ?

ಪಟ: ಅವರ ಹೆಸರೆತ್ತಬೇಡಿ, ಮೊಳೆ ಸಡಿಲ ಆಗುತ್ತೆ. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡಗಳ ತನಿಖೆಗೆ ಸಮಿತಿ ಮಾಡಿದವರು. ಪುಟ್ಟಪರ್ತಿಯ ಸಾಯಿಬಾಬಾ ಅವರಿಗೇ ಪರೀಕ್ಷೆಗೆ ಬನ್ನಿ ಅಂತ ಪತ್ರ ಬರೆದ ಮೇಷ್ಟ್ರು, ನನ್ನಂಥ ಕಾಗದವನ್ನ ಬಿಡ್ತಿದ್ರಾ? 2005ರಲ್ಲಿ ಹೋದರು. ಅವರು ಕಟ್ಟಿದ ಸೈನ್ಸ್ ಫೋರಂನಲ್ಲಿ ಉಪನ್ಯಾಸ ಈಗಲೂ ನಡೆಯುತ್ತೆ. ಮುಂದಿನ ಸಾಲಲ್ಲಿ ಕೂತು ಕೇಳಿದವರಲ್ಲಿ ಕೆಲವರು ಮಾರನೇ ದಿನ ಮಂಡಿ ಹಿಡ್ಕೊಂಡು ಈ ಮೆಟ್ಟಿಲು ಹತ್ತುತಾರೆ.

ನಾನು: ಹತ್ತಿದವರಿಗೆ ನೋವು ಕಡಿಮೆಯಾಗುತ್ತದಲ್ಲ?

ಪಟ: ಆಗುತ್ತೆ, ಸುಳ್ಳು ಹೇಳಲ್ಲ. ಜರ್ಮನಿಯಲ್ಲಿ ಬೆನ್ನುನೋವಿನ 1162 ಜನರನ್ನ ಮೂರು ಗುಂಪು ಮಾಡಿ ನೋಡಿದ್ರು, 2007ರಲ್ಲಿ ವರದಿ ಬಂತು. ಒಂದು ಗುಂಪಿಗೆ ಸರಿಯಾದ ಚುಕ್ಕಿಗೇ ಸೂಜಿ. ಇನ್ನೊಂದಕ್ಕೆ ಬೇಕಂತಲೇ ಚುಕ್ಕಿ ತಪ್ಪಿಸಿ ಮೇಲುಮೇಲೆ. ಮೂರನೇದಕ್ಕೆ ಮಾಮೂಲಿ ಮಾತ್ರೆ, ವ್ಯಾಯಾಮ. ಆರು ತಿಂಗಳಿಗೆ ಸುಧಾರಿಸಿದವರು ಮೊದಲನೇದರಲ್ಲಿ ಶೇ 47.6, ಚುಕ್ಕಿ ತಪ್ಪಿಸಿದ್ದರಲ್ಲಿ ಶೇ 44.2, ಮಾಮೂಲಿಯಲ್ಲಿ ಶೇ 27.4.

ನಾನು: ಅಂದರೆ...

ಪಟ: ಅಂದರೆ ನಾನು ದಂಡ. ಅದು ಸೂಜಿಯ ವಿಷಯ, ಕೈಯದಲ್ಲ ಅಂತೀರೇನೋ. ಗೆರೆ ಅದೇ ತಾನೆ? ಇಲ್ಲಿ ನನ್ನ ಬದಲು ಬಿಎಂಟಿಸಿ ರೂಟ್ ಮ್ಯಾಪ್ ತೂಗುಹಾಕಿದ್ರೂ ಬೆನ್ನಿಗೆ ವ್ಯತ್ಯಾಸ ಗೊತ್ತಾಗಲ್ಲ.

ನಾನು: ಹಾಗಾದರೆ ಕೆಲಸ ಮಾಡ್ತಿರೋದು ಏನು?

ಪಟ: ಇಲ್ಲಿಗೆ ಯಾರು ಬರ್ತಾರೆ ನೋಡಿ. ಹೆಚ್ಚಿನವರು ಎಪ್ಪತ್ತು ದಾಟಿದವರು. ಮಗ ಅಮೆರಿಕದಲ್ಲಿ, ಮಗಳು ವೈಟ್‌ಫೀಲ್ಡಲ್ಲಿ. ಟ್ರಾಫಿಕ್ಕಿಗೆ ಅಮೆರಿಕವೇ ಹತ್ತಿರ. ಡಾಕ್ಟರ ಹತ್ರ ಹೋದ್ರೆ ಅವರು ರಿಪೋರ್ಟ್ ನೋಡ್ತಾರೆ, ಕಂಪ್ಯೂಟರ್ ನೋಡ್ತಾರೆ, ಮೈ ಮುಟ್ಟೋದು ಬಿಪಿ ಪಟ್ಟಿ ಒಂದೇ. ಹಿಂದೆ ಎಂಟಾಣೆ ಲಂಚಕ್ಕೆ ಮೊಮ್ಮಗ ಕಾಲೊತ್ತುತಿದ್ದ. ತಲೆಗೆ ಎಣ್ಣೆ ತಟ್ಟೋಕೆ ಮನೇಲಿ ಜನ ಇದ್ರು. ಇಲ್ಲಿ ಮೇಡಂ ಫೋನ್ ಆಫ್ ಮಾಡಿ ಮುಕ್ಕಾಲು ಗಂಟೆ ಭುಜದ ಮೇಲೆ ಕೈ ಇಡ್ತಾರೆ. 'ಈಗ ಹೇಗಿದೆ ಅಮ್ಮ?' ಅಂತಾರೆ. ಕೆಲವರು ಅತ್ತುಬಿಡ್ತಾರೆ. ಅದನ್ನ 'ಎನರ್ಜಿ ರಿಲೀಸ್' ಅಂತ ಬಿಲ್ಲಲ್ಲಿ ಬರೀತಾರೆ.

ನಾನು: ಇದರಲ್ಲಿ ಅಪಾಯವೇನು?

ಪಟ: ಮೊನ್ನೆ ಒಬ್ಬರು, 'ಹಗುರ ಅನ್ನಿಸ್ತಿದೆ, ಶುಗರ್ ಮಾತ್ರೆ ಬಿಟ್ಟುಬಿಡಲಾ?' ಅಂದ್ರು. 'ನಿಮ್ಮ ಬಾಡಿ ಹೇಳಿದ ಹಾಗೆ ಕೇಳಿ' ಅಂತ ಉತ್ತರ ಬಂತು. ಸಕ್ಕರೆ ಕಾಯಿಲೆಯವರ ಬಾಡಿ ಏನು ಹೇಳುತ್ತೆ? ಮೈಸೂರುಪಾಕು ಕೊಡಿ ಅನ್ನುತ್ತೆ! ನಿಜವಾದ ಕಾಯಿಲೆಗೆ ಏನು ಮಾಡಬೇಕು ಅಂತ ಈ ಊರಿಗೆ ಹಿಂದೆ ಗೊತ್ತಿತ್ತು. ಈ ಬಸವನಗುಡಿ, ಆ ಮಲ್ಲೇಶ್ವರ, ಎರಡೂ 1898ರ ಪ್ಲೇಗಿನ ಹೆದರಿಕೆಯಲ್ಲಿ ಬೆಳೆದ ಬಡಾವಣೆಗಳು. ಆಗ ಪೇಟೆಯ ಎನರ್ಜಿ ಸರಿಪಡಿಸ್ತೀವಿ ಅಂತ ಯಾರೂ ಕೈಯಾಡಿಸಲಿಲ್ಲ. ಅಗಲವಾದ ರಸ್ತೆ ಬಿಟ್ಟರು, ಮನೆ ಹಿಂದೆ ಕಸ ಸಾಗಿಸೋಕೆ ಕನ್ಸರ್ವೆನ್ಸಿ ಗಲ್ಲಿ ಬಿಟ್ಟರು. ಆ ಗಲ್ಲಿಗಳು ಕಣ್ಣಿಗೆ ಕಾಣೋ ಮೆರಿಡಿಯನ್ನು. ಈಗ ಅಲ್ಲಿ ಸ್ಕೂಟರ್ ನಿಲ್ಲಿಸ್ತಾರೆ, ಬ್ಲಾಕೇಜ್ ಅಂದ್ರೆ ಅದು.

ನಾನು: ಓದುಗರಿಗೆ ಏನು ಹೇಳಲಿ?

ಪಟ: ಬರೋದಾದ್ರೆ ಬನ್ನಿ, ಮಾತ್ರೆ ನುಂಗಿ ಬನ್ನಿ. ಹನ್ನೆರಡು ಸಿಟ್ಟಿಂಗಿನ ಪ್ಯಾಕೇಜು ಅಂದ್ರೆ ಒಂದು ಸಾಕು ಅನ್ನಿ. ಮನೇಲಿ ವಯಸ್ಸಾದ ಅಮ್ಮ ಇದ್ರೆ ಉಳಿದ ಹನ್ನೊಂದು ದಿನ ನೀವೇ ಕೂತು ಅವರ ಕಾಲೊತ್ತಿ. ಯಾವ ಚುಕ್ಕಿ ಅಂತ ನನ್ನ ಕೇಳೋಕೆ ಬರಬೇಡಿ.