ತ್ರೀ ಫೇಸ್ ಯೋಗಣ್ಣ

ಊರಿಗೊಬ್ಬ ಯೋಗಣ್ಣ ಇರುತ್ತಾನೆ; ಚನ್ನಗಿರಿಯಂಥ ಅಡಿಕೆ ಊರಿನಲ್ಲಿ ಬೀದಿಗೊಬ್ಬ. ಅಪ್ಪ ಅಮ್ಮ ಇಟ್ಟ ಹೆಸರು ಆಧಾರ್ ಕಾರ್ಡಿನಲ್ಲೂ ಸೊಸೈಟಿ ಪಾಸ್‌ಬುಕ್ಕಿನಲ್ಲೂ ಭದ್ರವಾಗಿದೆ, ಬೀದಿಗೆ ಅದು ಬೇಕಾಗಿಲ್ಲ. ವಯಸ್ಸು ಐವತ್ತೈದರ ಆಚೀಚೆ. ನಾಲ್ಕೆಕರೆ ತೋಟ, ಎರಡು ಬೋರು. ಒಂದರಲ್ಲಿ ನೀರಿದೆ, ಇನ್ನೊಂದರಲ್ಲಿ ಸಾಲವಿದೆ. ಮಗಳನ್ನು ದಾವಣಗೆರೆಗೆ ಕೊಟ್ಟಾಗಿದೆ, ಮಗ ಬೆಂಗಳೂರಿನ ಕಂಪನಿಯಲ್ಲಿದ್ದಾನೆ. ಬೆಳಗಿನ ಜಾವ ಐದೂಕಾಲಿಗೆ ಬಿಳಿ ಜುಬ್ಬಾ, ಬಿಳಿ ಪೈಜಾಮ ತೊಟ್ಟು, ಸುತ್ತಿದ ಹಸಿರು ಮ್ಯಾಟನ್ನು ಕಂಕುಳಲ್ಲಿಟ್ಟುಕೊಂಡು, ನಮಗೆಲ್ಲ ಯೋಗ ಹೇಳಿಕೊಡಲು ಕಲ್ಯಾಣ ಮಂಟಪದ ಕಡೆ ಹೊರಟ ಆಸಾಮಿಯನ್ನು ಕಂಡರೆ ಬೀದಿ ನಾಯಿಗಳೂ ಬೊಗಳುವುದಿಲ್ಲ. ಒಮ್ಮೆ ಬೊಗಳಿದ್ದಕ್ಕೆ ಅವಕ್ಕೂ ಉಸಿರಾಟದ ಬಗ್ಗೆ ಎರಡು ಮಾತು ಹೇಳಿದ್ದನಂತೆ.

ಯಾರೂ ಹುಟ್ಟುತ್ತಲೇ ಯೋಗಣ್ಣ ಆಗುವುದಿಲ್ಲ. ಅದಕ್ಕೊಂದು ರಕ್ತಪರೀಕ್ಷೆಯ ರಿಪೋರ್ಟು ಬೇಕು. ಅದನ್ನು ನೋಡಿ ಡಾಕ್ಟರು ‘ಶುಗರ್ ಬಾರ್ಡರಿನಲ್ಲಿದೆ’ ಅನ್ನಬೇಕು. ಬಾರ್ಡರು ನಮ್ಮ ತಾಲ್ಲೂಕಿಗೆ ಹೊಸದಲ್ಲ. 1997ರ ಆಗಸ್ಟಿನಲ್ಲಿ ಶಿವಮೊಗ್ಗ ಜಿಲ್ಲೆಯವರಾಗಿ ಮಲಗಿ ದಾವಣಗೆರೆ ಜಿಲ್ಲೆಯವರಾಗಿ ಎದ್ದವರು ನಾವು. ಹೊನ್ನಾಳಿಯವರೂ ನಮ್ಮ ಜತೆಗೇ ಎದ್ದರು. ಬಾರ್ಡರು ಯಾವ ಹೊತ್ತಿನಲ್ಲಿ ಎತ್ತ ಸರಿಯುತ್ತದೋ ಹೇಳಲಾಗದೆಂಬುದು ನಮಗೆ ಅನುಭವದಿಂದ ಗೊತ್ತು. ಹಾಗಾಗಿ ಆ ರಾತ್ರಿ ಯೋಗಣ್ಣನಿಗೆ ನಿದ್ದೆ ಹತ್ತಲಿಲ್ಲ. ಮರುದಿನ ಟೀ ಬಿಟ್ಟ, ಮೈದಾ ಬಿಟ್ಟ, ಸಕ್ಕರೆ ಬಿಟ್ಟ. ಮಾತು ಒಂದನ್ನು ಮಾತ್ರ ಹಿಡಿದುಕೊಂಡ.

ಧಾವಂತದ ಬದುಕೆಂದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲು ಅಂದುಕೊಂಡವರು ಅಡಿಕೆ ಸೀಮೆಯವನ ಒಂದು ದಿನವನ್ನು ನೋಡಿಲ್ಲ. ಎದ್ದ ಕೂಡಲೇ ತೋಟಕ್ಕೆ ಆಳು ಬಂದನೋ ಇಲ್ಲವೋ. ಹತ್ತು ಹೊಡೆದರೆ ಪಹಣಿ, ಪೋಡಿ, ಬ್ಯಾಂಕು. ಮಧ್ಯಾಹ್ನದ ಹೊತ್ತಿಗೆ ಮೊಬೈಲಿಗೆ ಅಡಿಕೆ ಸೊಸೈಟಿ ತುಮ್ಕೋಸ್‌ನ ರೇಟು. ರಾಶಿ ಅಡಿಕೆ ಕ್ವಿಂಟಲಿಗೆ ಐನೂರು ಇಳಿದರೆ ಎದೆ ಹೊಡೆದುಕೊಳ್ಳುತ್ತದೆ. ಐನೂರು ಏರಿದರೆ ‘ಮೊನ್ನೆ ಯಾಕಾದ್ರೂ ಕೊಟ್ನೋ’ ಎಂದು ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ. ಲಗ್ನದ ಕಾಲದಲ್ಲಿ ಒಂದೇ ದಿನ ಮೂರು ಮದುವೆ, ಒಂದು ಗೃಹಪ್ರವೇಶ, ನಡುವೆ ಒಂದು ಶಿವಗಣಾರಾಧನೆ. ಐದೂ ಕಡೆ ಮುಖ ತೋರಿಸಬೇಕು, ಮೂರು ಕಡೆಯಾದರೂ ಉಣ್ಣಬೇಕು. ರಾತ್ರಿ ಮಲಗಿದರೆ ತ್ರೀ ಫೇಸ್ ಕರೆಂಟು ಎಷ್ಟೊತ್ತಿಗೆ ಕೊಡುತ್ತಾರೋ ಎಂಬ ಯೋಚನೆ. ಮೊದಲಾದರೆ ಟಾರ್ಚು ಹಿಡಿದು ತೋಟಕ್ಕೆ ಹೋಗಿ ಮೋಟರು ಹಾಕಿ ಬರಬೇಕಿತ್ತು. ಈಗ ಮೊಬೈಲ್ ಸ್ಟಾರ್ಟರ್ ಬಂದಿದೆ. ಕರೆಂಟು ಬಂದ ಕೂಡಲೇ ಅದೇ ಫೋನು ಮಾಡುತ್ತದೆ, ಒಂದು ನಂಬರು ಒತ್ತಿದರೆ ಮೋಟರು ಶುರು. ತೋಟಕ್ಕೆ ಹೋಗುವುದು ತಪ್ಪಿದೆ, ಏಳುವುದು ತಪ್ಪಿಲ್ಲ.

ಇಂಥ ಎದೆಗೆ ಪ್ರಾಣಾಯಾಮ ಒಳ್ಳೆಯ ಮದ್ದು, ಅದರಲ್ಲಿ ಎರಡು ಮಾತಿಲ್ಲ. ಸುಮ್ಮನೆ ಕುಳಿತಾಗಲೂ ಮನುಷ್ಯ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. ಅದನ್ನು ಆರರ ಹತ್ತಿರಕ್ಕೆ ತಂದು, ಎಳೆದುಕೊಂಡದ್ದಕ್ಕಿಂತ ಬಿಡುವುದನ್ನು ಉದ್ದ ಮಾಡಿದರೆ ಎದೆಬಡಿತ ತಗ್ಗುತ್ತದೆ, ರಕ್ತದೊತ್ತಡ ಅಷ್ಟಿಷ್ಟು ಇಳಿಯುತ್ತದೆ, ನಿದ್ದೆ ಹತ್ತಿರ ಬರುತ್ತದೆ. ಯೋಗಣ್ಣನ ಬಿಪಿ ಇಳಿದದ್ದು ನಿಜ. ಇಳಿದದ್ದೇ ತಡ, ಮಾತ್ರೆಯನ್ನೂ ಬಿಡುತ್ತೇನೆಂದು ಡಾಕ್ಟರ ಮುಂದೆ ಹೋಗಿ ನಿಂತು ಅರ್ಧ ತಾಸು ಯೋಗದ ಮಹಿಮೆ ಹೇಳಿದ. ‘ಎರಡೂ ಇರಲಿ ಗೌಡ್ರೇ. ಮಾತ್ರೆಯಾದ್ರೆ ಮಾತಾಡಲ್ಲ’ ಎಂದರಂತೆ ಡಾಕ್ಟರು.

ತೊಂದರೆ ಇರುವುದೇ ಅಲ್ಲಿ. ಅವನ ಯೋಗ ಅವನ ಮ್ಯಾಟಿನ ಮೇಲೆ ನಿಲ್ಲುವುದಿಲ್ಲ, ಆರೂವರೆಗೆ ಮಂಟಪದ ಮೆಟ್ಟಿಲಿಳಿದು ಊರೊಳಗೆ ಹೊರಡುತ್ತದೆ. ಮಂಡಕ್ಕಿ ಮೆಣಸಿನಕಾಯಿ ಬಾಯಿಗಿಟ್ಟವನ ಎದುರು ನಿಂತು ಎಣ್ಣೆಯ ಪುರಾಣ ತೆಗೆಯುತ್ತಾನೆ. ಸಂತೆಬೆನ್ನೂರಿನ ಬಸ್ಸಿನಲ್ಲಿ ಟಿಕೆಟ್ಟಿಗೆ ಚಿಲ್ಲರೆ ಕೊಡದೆ, ಬೆನ್ನು ನೆಟ್ಟಗಿಟ್ಟುಕೊಳ್ಳುವುದು ಹೇಗೆಂದು ಕಂಡಕ್ಟರಿಗೆ ಪಾಠ ಮಾಡುತ್ತಾನೆ. ಒಂದು ಕಚೇರಿಯ ಗುಮಾಸ್ತನಿಗೆ ಕತ್ತು ತಿರುಗಿಸುವ ವ್ಯಾಯಾಮ ಹೇಳಿಕೊಟ್ಟ. ಆತ ಶ್ರದ್ಧೆಯಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ‘ಎರಡೂ ಕಡೆ ನೋಡ್ದೆ, ನಿಮ್ಮ ಫೈಲು ಇಲ್ಲ’ ಅಂದ. ಸಾವಿನ ಮನೆಯನ್ನೂ ಯೋಗಣ್ಣ ಬಿಡುವವನಲ್ಲ.

‘ದಿನಾ ಹತ್ತು ನಿಮಿಷ ಅನುಲೋಮ ವಿಲೋಮ ಮಾಡಿದ್ದಿದ್ರೆ ಅಜ್ಜ ಇನ್ನೊಂದು ಹತ್ತು ವರ್ಷ ಇರ್ತಿದ್ರು.’

‘ಅಜ್ಜನಿಗೆ ತೊಂಬತ್ತಾರು ಆಗಿತ್ತು ಕಣಣ್ಣ.’

‘ನೂರಾರು ಆಗ್ತಿತ್ತು.’

‘ಅಣ್ಣನ ಯೋಗದಿಂದ ನಿಮಗೇನಾದ್ರೂ ಅನುಕೂಲ ಆಗಿದೆಯಾ ಅಕ್ಕಾ?’ ಎಂದು ಅವನ ಹೆಂಡತಿಯನ್ನು ಕೇಳಿದರೆ, ‘ಆಗದೆ ಏನು? ಬೆಳಗ್ಗೆ ಐದೂಕಾಲರಿಂದ ಆರೂವರೆ ತನಕ ಮನೆ ತಣ್ಣಗಿರ್ತದೆ’ ಅನ್ನುತ್ತಾರೆ.

ಯೋಗದ ಚರಿತ್ರೆಯೂ ಅವನಿಗೆ ಬಾಯಿಪಾಠ. 2014ರ ಡಿಸೆಂಬರ್ 11ರಂದು ವಿಶ್ವಸಂಸ್ಥೆ ಜೂನ್ 21ನ್ನು ಯೋಗ ದಿನವೆಂದು ಘೋಷಿಸಿದಾಗ ಆ ನಿರ್ಣಯಕ್ಕೆ 177 ದೇಶಗಳು ಕೈಜೋಡಿಸಿದ್ದವು. ಆ ಅಂಕಿಯನ್ನು ಯೋಗಣ್ಣ ಹೇಳುವ ಧಾಟಿ ನೋಡಿದರೆ, ಅಷ್ಟೂ ದೇಶಕ್ಕೆ ಇವನೇ ಲಗ್ನಪತ್ರಿಕೆ ಕೊಟ್ಟು ಬಂದ ಹಾಗಿರುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆ ನಡೆಸಿದ ಕೃಷ್ಣಮಾಚಾರ್ಯರು 1888ರಲ್ಲಿ ಹುಟ್ಟಿದ್ದು ಚಿತ್ರದುರ್ಗ ಸೀಮೆಯಲ್ಲಿ. ಅವರ ಶಿಷ್ಯರಲ್ಲಿ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನವರು, ಪಟ್ಟಾಭಿ ಜೋಯಿಸರು ಹಾಸನ ಜಿಲ್ಲೆಯ ಕೌಶಿಕದವರು. ‘ಪ್ರಪಂಚಕ್ಕೆ ಯೋಗ ಕಲಿಸಿದವರೆಲ್ಲ ನಮ್ಮ ಕಡೆಯವರೇ’ ಎಂದು ಯೋಗಣ್ಣ ಎದೆಯುಬ್ಬಿಸುತ್ತಾನೆ. ಹೊಗಳಿಕೆಗೆ ಅವನ ‘ನಮ್ಮ ಕಡೆ’ ಕೋಲಾರದವರೆಗೂ ಹಬ್ಬುತ್ತದೆ. ಜಾತ್ರೆಗೆ ಚಂದಾ ಕೇಳಲು ಬಂದರೆ ಸೂಳೆಕೆರೆ ಏರಿಯನ್ನೂ ದಾಟುವುದಿಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಪಕ್ಕದ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿಯವರಿದ್ದರು. ಬಾರ್ಕೂರಿನಲ್ಲಿ ಹುಟ್ಟಿ, ಊರೂರು ತಿರುಗಿ ಯೋಗಾಸನ ಕಲಿಸಿ, ಆಯುರ್ವೇದದ ಮದ್ದು ಕೊಟ್ಟು, ಜೋಳಿಗೆ ಹಿಡಿದು ಅನಾಥಸೇವಾಶ್ರಮ ಬೆಳೆಸಿದವರು, ತಿರುಕ ಎಂಬ ಹೆಸರಿನಲ್ಲಿ ಬರೆದವರು, 1996ರಲ್ಲಿ ತೀರಿಕೊಂಡರು. ಯೋಗ ದಿನ ಇನ್ನೂ ಹುಟ್ಟದ ಕಾಲದಲ್ಲೇ ಈ ಸೀಮೆಯ ಹುಡುಗರು ಸೂರ್ಯನಮಸ್ಕಾರ ಹಾಕುತ್ತಿದ್ದುದು ಅವರಿಂದ. ಅಲ್ಲಿ ಕಲಿತ ಡ್ರಿಲ್ ಮೇಷ್ಟ್ರೊಬ್ಬರು ನಮ್ಮ ಬೆಳಗಿನ ತರಗತಿಯ ಕೊನೇ ಸಾಲಿನಲ್ಲಿದ್ದಾರೆ. ರಿಟೈರಾಗಿ ಎಷ್ಟೋ ವರ್ಷವಾಯಿತು. ಹಳೇ ಜಮಖಾನ, ಪಟ್ಟಾಪಟ್ಟಿ ಚಡ್ಡಿ. ಬರುತ್ತಾರೆ, ಮಾಡುತ್ತಾರೆ, ಹೋಗುತ್ತಾರೆ. ಒಮ್ಮೆ ಯೋಗಣ್ಣ ಅವರ ಸರ್ವಾಂಗಾಸನವನ್ನೂ ತಿದ್ದಲು ಹೋದ. ಕಾಲು ಮೇಲಿದ್ದ ಹಾಗೆಯೇ ಅವರು ‘ಆಯ್ತಪ್ಪ’ ಎಂದರು.

ಆ ಮೇಷ್ಟ್ರು ಒಂದೇ ಒಂದು ದಿನ ಪ್ರಶ್ನೆ ಕೇಳಿದ್ದುಂಟು. ‘ಪತಂಜಲಿ ಹೇಳಿದ ಎಂಟರಲ್ಲಿ ಆಸನ ಮೂರನೇದು ಕಣಪ್ಪ. ಮೊದಲಿನ ಎರಡು, ಯಮ ನಿಯಮ, ಎಲ್ಲಿಗೆ ಬಂದವು? ಅದರಲ್ಲಿ ಅಪರಿಗ್ರಹ ಅಂತ ಒಂದಿದೆ. ಬೇಕಾದ್ದಕ್ಕಿಂತ ಹೆಚ್ಚು ಕೂಡಿಡಬಾರದು ಅಂತ.’ ಯೋಗಣ್ಣನ ಗೋಡೌನಿನಲ್ಲಿ ಮೂರು ವರ್ಷದ ಅಡಿಕೆ ಮೂಟೆ ಒಳ್ಳೆ ರೇಟಿಗಾಗಿ ಕಾದು ಕೂತಿರುವುದು ತರಗತಿಗೆಲ್ಲ ಗೊತ್ತು. ಅವನು ಕಣ್ಣು ಮುಚ್ಚಿ, ಉಸಿರೆಳೆದು, ನಿಧಾನವಾಗಿ ಬಿಟ್ಟು, ‘ರೇಟು ಬರಲಿ ಮೇಷ್ಟ್ರೇ, ಅದನ್ನೂ ಮಾಡಿಬಿಡಣ’ ಎಂದ.

ಅಡಿಕೆಯ ವಿಷಯ ಬಂದರೆ ಅವನ ಸಂಯಮ ನೋಡುವಂಥದ್ದು. ಟೀ ವಿಷ, ಸಕ್ಕರೆ ವಿಷ, ಬೇಕರಿ ಬನ್ನು ಮಹಾವಿಷ ಎಂದು ಮುಕ್ಕಾಲು ಗಂಟೆ ಮಾತಾಡಬಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ್ದನ್ನು ಯಾರಾದರೂ ಎತ್ತಿದರೆ ಥಟ್ಟನೆ ಮೌನಕ್ಕೆ ಜಾರುತ್ತಾನೆ. ಎಲೆಅಡಿಕೆ ಹಾಕುವುದನ್ನು ತಾನಂತೂ ಬಿಟ್ಟಿದ್ದಾನೆ. ಬೇರೆಯವರೂ ಬಿಡಲಿ ಎಂದು ಮಾತ್ರ ಈವರೆಗೆ ಒಮ್ಮೆಯೂ ಹೇಳಿಲ್ಲ. ಅವನು ಬೋಧಿಸದೆ ಆಚರಿಸಿದ್ದು ಅದೊಂದನ್ನೇ.

ದೀಪಾವಳಿಗೆ ಬಂದ ಮಗ ಅಪ್ಪನಿಗೆ ಹೊಸದೊಂದು ಹುಚ್ಚು ಹತ್ತಿಸಿ ಹೋದ. ಅವನ ಕಂಪನಿಯಲ್ಲಿ ಮೈಂಡ್‌ಫುಲ್‌ನೆಸ್ ತರಗತಿ ಇಟ್ಟಿದ್ದಾರಂತೆ. ಜಾನ್ ಕಬಟ್-ಜಿನ್ ಎಂಬ ಅಮೆರಿಕದ ವಿಜ್ಞಾನಿ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶುರು ಮಾಡಿದ, ಎಂಟು ವಾರದ ಅಭ್ಯಾಸ ಅದು. ಮೊದಲ ಪಾಠವೇ ಒಣದ್ರಾಕ್ಷಿಯದು. ಒಂದೇ ಒಂದು ದ್ರಾಕ್ಷಿಯನ್ನು ಮೊದಲು ಕಣ್ತುಂಬ ನೋಡಬೇಕು, ಬೆರಳಲ್ಲಿ ಸವರಬೇಕು, ಮೂಸಬೇಕು, ಆಮೇಲೆ ನಾಲಗೆಯ ಮೇಲಿಟ್ಟು ನಿಧಾನವಾಗಿ ಅಗಿಯಬೇಕು. ಮನಸ್ಸು ರೇಟಿನ ಕಡೆಗೋ ಫೈಲಿನ ಕಡೆಗೋ ಓಡಿದರೆ ಬೈದುಕೊಳ್ಳದೆ ವಾಪಸು ದ್ರಾಕ್ಷಿಗೆ ಕರೆತರಬೇಕು.

ಮರುದಿನವೇ ಯೋಗಣ್ಣ ಕಾಲು ಕೇಜಿ ದ್ರಾಕ್ಷಿ ಕಟ್ಟಿಸಿಕೊಂಡು ಬಂದ. ತಲೆಗೊಂದರಂತೆ ಹಂಚಿದ. ಹಿಂದಿನ ರಾತ್ರಿ ಯಾರದೋ ಆರತಕ್ಷತೆ ನಡೆದು ಮಂಟಪದ ತುಂಬ ಬದನೆಕಾಯಿ ಎಣ್ಣೆಗಾಯಿಯ ವಾಸನೆ. ಅದರ ನಡುವೆ ನಾವೆಲ್ಲ ಅಂಗೈಯಲ್ಲಿ ದ್ರಾಕ್ಷಿ ಇಟ್ಟುಕೊಂಡು ದಿಟ್ಟಿಸಿದೆವು. ‘ಸುಕ್ಕು ನೋಡಿ... ಬಣ್ಣ ನೋಡಿ... ಅವಸರ ಬೇಡ’ ಎಂದು ಯೋಗಣ್ಣ ಎಳೆಎಳೆಯಾಗಿ ಹೇಳುತ್ತಿದ್ದ. ಮುಂದಿನ ಸಾಲಿನ ಕಿರಾಣಿ ಅಂಗಡಿಯವರು ದ್ರಾಕ್ಷಿಯನ್ನು ತಿರುಗಿಸಿ ನೋಡಿ, ‘ಇದು ಹೋದ ವರ್ಷದ ಮಾಲು’ ಅಂದರು. ಅವರೊಬ್ಬರೇ ಸರಿಯಾಗಿ ನೋಡಿದ್ದರು. ಅಷ್ಟರಲ್ಲಿ ಕೊನೇ ಸಾಲಿನಿಂದ ಮೇಷ್ಟ್ರು: ‘ನಮ್ಮಜ್ಜ ಊಟ ಆದ್ಮೇಲೆ ಜಗಲಿ ಮೇಲೆ ಕೂತು ಎಲೆಯ ನಾರು ಬಿಡಿಸಿ, ತೊಡೆಗೊರೆಸಿ, ಸುಣ್ಣ ಸವರಿ, ಅಡಿಕೆ ಕತ್ತರಿಸಿ ಬಾಯಿಗಿಡೋಕೇ ಕಾಲು ಗಂಟೆ ತಗೋತಿದ್ದ. ಅಗಿಯೋದು ಮುಕ್ಕಾಲು ಗಂಟೆ. ಅಷ್ಟೊತ್ತೂ ಮನೆಗೆ ಬೆಂಕಿ ಬಿದ್ರೂ ಏಳ್ತಿರಲಿಲ್ಲ. ಅವನಿಗೆ ಯಾವ ಕಂಪನಿಯವರೂ ಸರ್ಟಿಫಿಕೇಟು ಕೊಡ್ಲಿಲ್ಲ ನೋಡಪ್ಪ.’

ತರಗತಿ ನಕ್ಕಿತು. ಯೋಗಣ್ಣನಿಗೆ ನಗು ಬಂದರೂ, ವಿಷಯ ಅಡಿಕೆಯದಾದ್ದರಿಂದ ಮೌನ ಮುರಿಯಲಿಲ್ಲ.

ಬೇಸಿಗೆ ಬಂತು. ಬೋರಿನ ನೀರು ತಳಕ್ಕಿಳಿಯಿತು, ತ್ರೀ ಫೇಸ್ ಕರೆಂಟಿನ ಪಾಳಿ ಬೆಳಗಿನ ಆರಕ್ಕೆ ಬದಲಾಯಿತು. ಆರು ಗಂಟೆಯೆಂದರೆ ನಮ್ಮ ಶವಾಸನದ ಹೊತ್ತು. ಫೋನುಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡುವುದು ಕ್ರಮ. ಸೈಲೆಂಟು ಮಾಡಬೇಕೆಂಬುದು ಯೋಗಣ್ಣನ ಕಟ್ಟಪ್ಪಣೆ. ತೋಟ ಇದ್ದವನು ಮಾಡುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದ ಸತ್ಯ. ಆವತ್ತು ಯೋಗಣ್ಣ ರಾತ್ರಿಯೆಲ್ಲ ಟ್ಯಾಂಕರಿನಲ್ಲಿ ತೋಟಕ್ಕೆ ನೀರು ಹೊಡೆಸಿ ನೇರವಾಗಿ ಮಂಟಪಕ್ಕೆ ಬಂದಿದ್ದ. ಪೈಜಾಮದ ಅಂಚಿಗೆ ಕೆಸರು. ಶವಾಸನದಲ್ಲಿ ಅವನೂ ಮಲಗಿ ಹೇಳಿಸುತ್ತಿದ್ದ. ‘ಬಲಗಾಲಿನ ಹೆಬ್ಬೆರಳು ಸಡಿಲ... ಪಾದ ಸಡಿಲ... ಮೀನಖಂಡ ಸಡಿಲ... ಮೊಣಕಾಲು...’

ಮೊಣಕಾಲಿಗೆ ಬಂದದ್ದು ಅಲ್ಲೇ ನಿಂತಿತು. ಇದೇನೋ ಹೊಸ ಪದ್ಧತಿಯಿರಬೇಕೆಂದು ನಾವು ಮೊಣಕಾಲನ್ನೇ ಧ್ಯಾನಿಸುತ್ತ ಉಳಿದೆವು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಅಷ್ಟರಲ್ಲಿ ಕರೆಂಟು ಬಂತು. ಕಟ್ಟೆಯ ಮೇಲಿನ ಫೋನುಗಳೆಲ್ಲ ಒಂದೇ ಏಟಿಗೆ ಹೊಡೆದುಕೊಂಡವು, ಒಂದರಲ್ಲಿ ಮಂಜುನಾಥನ ಸುಪ್ರಭಾತ, ಒಂದರಲ್ಲಿ ಸಿನಿಮಾ ಹಾಡು, ಒಂದರಲ್ಲಿ ಕೋಳಿ ಕೂಗು. ಸತ್ತು ಮಲಗಿದ್ದ ತರಗತಿ ಎದ್ದು ಕಿಟಕಿಗೆ ಮುಗಿಬಿತ್ತು. ‘ನಂದು, ನಂದು’ ಎಂದು ಒಬ್ಬರ ಮೋಟರನ್ನು ಇನ್ನೊಬ್ಬರು ಶುರು ಮಾಡಿದರು.

ಯೋಗಣ್ಣ ಏಳಲಿಲ್ಲ. ಅವನ ಫೋನು ಬಡಿದುಕೊಳ್ಳುತ್ತಲೇ ಇತ್ತು. ರೇಟಿಲ್ಲ, ಬೋರಿಲ್ಲ, 177 ದೇಶಗಳಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ಉಸಿರು ನಿಮಿಷಕ್ಕೆ ಆರನ್ನೂ ಮೀರುತ್ತಿರಲಿಲ್ಲವೋ ಏನೋ. ‘ಅಣ್ಣಾ, ತ್ರೀ ಫೇಸು, ಏಳಣ್ಣ’ ಎಂದು ಯಾರೋ ಭುಜ ಅಲುಗಿಸಲು ಹೋದರು. ಮೇಷ್ಟ್ರು ಕೈ ಅಡ್ಡ ಹಿಡಿದು, ಯೋಗಣ್ಣನ ಫೋನನ್ನು ಎತ್ತಿಕೊಂಡರು. ಕನ್ನಡಕ ಹಣೆಗೇರಿಸಿ, ‘ಮೋಟರು ಹಾಕೋದು ಯಾವ ನಂಬರ್ರೋ ಇದರಲ್ಲಿ?’ ಎಂದು ಕೇಳಿ, ಒತ್ತಿ, ಅತ್ತ ಕಡೆಯಿಂದ ಮೋಟರು ಶುರುವಾಯಿತೆಂಬ ಉಲಿ ಬರುವ ತನಕ ಕಿವಿಗೆ ಹಿಡಿದಿದ್ದು, ಕಟ್ಟೆಯ ಮೇಲೆ ಇಟ್ಟರು.

‘ಸದ್ದು ಮಾಡದಂಗೆ ನಡೀರಿ. ಇವತ್ತು ಅವನಿಗೆ ಯೋಗ ಹತ್ತೇತಿ. ಎಬ್ಬಿಸಿದ್ರೆ ಮತ್ತೆ ಹೇಳ್ಕೊಡಾಕೆ ಶುರು ಮಾಡ್ತಾನೆ.’