ಚೊಚ್ಚಲ ಕಿಶೋರ ಕಾದಂಬರಿಯ ಪ್ರಚಾರ-ಸ್ವೀಕಾರ ಪ್ರಕರಣ

ವಿಂಗಡಿಸುವುದರಲ್ಲಿ ನಮ್ಮವರು ಎಂದೂ ಹಿಂದೆ ಬಿದ್ದವರಲ್ಲ. ಕವಿರಾಜಮಾರ್ಗಕಾರ ಕಾವ್ಯದ ದೋಷಗಳನ್ನು ಬಿಡಿಸಿ ಹೇಳಿದ, ನಾಗವರ್ಮ ಕಾವ್ಯವನ್ನೇ ಅವಲೋಕಿಸಿದ, ಕೇಶಿರಾಜ ಶಬ್ದಕ್ಕೆ ಕನ್ನಡಿ ಹಿಡಿದ. ಆದರೆ ಬರೆದದ್ದು ಅಚ್ಚಾಗಿ, ರಟ್ಟು ಹೊದ್ದು ಹೊರಬಿದ್ದ ಮೇಲೆ ಅದರ ಗತಿಯೇನು ಎಂಬುದಕ್ಕೆ ಲಕ್ಷಣಗ್ರಂಥ ಬರೆದವರಿಲ್ಲ. ವಿಷಯ ಅಪಾರವಾದ್ದರಿಂದ ಇಲ್ಲಿ ಒಂದೇ ಜಾತಿಯನ್ನು ಎತ್ತಿಕೊಂಡಿದ್ದೇನೆ: ಹರೆಯದವರಿಗೆಂದು ಬರೆದ, ಲೇಖಕಿಯ ಮೊತ್ತಮೊದಲ ಕಾದಂಬರಿ. ಶಾಸ್ತ್ರದಲ್ಲಿ ಉದಾಹರಣೆ ಬೇಕಾದಾಗ ದೇವದತ್ತ, ಯಜ್ಞದತ್ತರನ್ನು ಕರೆಯುವುದು ವಾಡಿಕೆ. ಆದ್ದರಿಂದ ನಮ್ಮ ಲೇಖಕಿ ದೇವದತ್ತೆ. ಆಕೆ ಯಾರಿಗಾಗಿ ಬರೆದಳೋ ಆ ಒಂಬತ್ತನೆಯ ತರಗತಿಯ ಹುಡುಗ ಯಜ್ಞದತ್ತ. ಇವರಿಬ್ಬರನ್ನು ಭೇಟಿ ಮಾಡಿಸುವುದೇ ಪ್ರಚಾರದ ಪ್ರಯೋಜನ ಎಂಬುದು ಪೂರ್ವಪಕ್ಷ.

ಪ್ರಚಾರ ಎರಡು ಬಗೆ, ಜಂಗಮ ಮತ್ತು ಸ್ಥಾವರ. ಜಂಗಮದಲ್ಲಿ ಓದುಗನಿದ್ದಲ್ಲಿಗೆ ಪುಸ್ತಕ ನಡೆದು ಹೋಗುತ್ತದೆ. ಇದರ ಆಚಾರ್ಯರು ಗಳಗನಾಥರು; ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಅಮೆರಿಕದಲ್ಲಿ ಇದೇ ಮಾರ್ಗ ಹಿಡಿದವನು ಕ್ರಿಸ್ಟೋಫರ್ ಪಾವೊಲಿನಿ. ಹದಿಹರೆಯದಲ್ಲಿ ಬರೆದ ‘ಎರಗಾನ್’ ಅನ್ನು 2002ರಲ್ಲಿ ಮನೆಯವರೇ ಅಚ್ಚು ಹಾಕಿಸಿದರು. ಹುಡುಗ ಮಧ್ಯಯುಗದ ವೇಷ ತೊಟ್ಟು ಶಾಲೆ, ಗ್ರಂಥಾಲಯಗಳನ್ನು ಸುತ್ತಿದ. ಗಳಗನಾಥರಿಗೆ ಬೇರೆ ಯುಗದ ವೇಷ ಬೇಕಾಗಿರಲಿಲ್ಲ, ಅಷ್ಟೇ ವ್ಯತ್ಯಾಸ. ಈಚೆಗೆ ನಮ್ಮಲ್ಲಿ ಜಂಗಮದ ಒಂದು ಉಪಭೇದ ಹುಟ್ಟಿದೆ: ಪುಸ್ತಕ ಗೋದಾಮಿನಲ್ಲೇ ಕೂತಿರುತ್ತದೆ, ಕಾಫಿ ಲೋಟದ ಪಕ್ಕದಲ್ಲಿ ತೆಗೆದ ಅದರ ಚಿತ್ರ ಮಾತ್ರ ಫೇಸ್‌ಬುಕ್ಕಿನಲ್ಲಿ ತಿರುಗುತ್ತದೆ.

ಸ್ಥಾವರವೆಂದರೆ ಲೋಕಾರ್ಪಣೆ. ಬೆಂಗಳೂರಾದರೆ ಬಸವನಗುಡಿಯ ವಾಡಿಯಾ ಸಭಾಂಗಣ, ಧಾರವಾಡವಾದರೆ ವಿದ್ಯಾವರ್ಧಕ ಸಂಘ. ಕಾಲ, ಭಾನುವಾರ ಬೆಳಿಗ್ಗೆ ಹತ್ತೂವರೆ. ನೈವೇದ್ಯ, ಉಪ್ಪಿಟ್ಟು ಮತ್ತು ಕೇಸರಿಬಾತ್. ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಿದ ಪ್ರತಿಗಳನ್ನು ವೇದಿಕೆಯ ಮೇಲಿನ ಗಣ್ಯರು ಏಕಕಾಲಕ್ಕೆ ಬಿಚ್ಚಿ, ಎದೆಗೆ ಆನಿಸಿಕೊಂಡು, ಛಾಯಾಗ್ರಾಹಕ ಸಾಕೆನ್ನುವವರೆಗೆ ಅಲುಗಾಡದೆ ನಿಲ್ಲುವುದು ಇದರ ಮುಖ್ಯ ಕ್ರಿಯೆ. ಸಭಿಕರಲ್ಲಿ ನಾಲ್ಕು ವರ್ಣ. ಬಂಧುಗಳು ಮೊದಲ ಎರಡು ಸಾಲು. ಸಹೋದ್ಯೋಗಿಗಳು ಅವರ ಹಿಂದೆ. ಮೂರನೆಯವರು ಋಣಾನುಬಂಧಿಗಳು, ಮುಂದಿನ ತಿಂಗಳು ಇವರದೂ ಪುಸ್ತಕ ಬರಲಿದೆ, ಆಗ ದೇವದತ್ತೆ ಬರಲೇಬೇಕು. ನಾಲ್ಕನೆಯವರು ನಿತ್ಯಸಭಿಕರು, ಯಾರ ಪುಸ್ತಕವಾದರೂ ತಪ್ಪಿಸುವುದಿಲ್ಲ, ನಿವೃತ್ತರು, ಎಲ್ಲರಿಗಿಂತ ಶ್ರದ್ಧೆಯಿಂದ ಕೇಳುವವರೂ ಇವರೇ. ಮುಖ್ಯ ಅತಿಥಿಗಳು ಸಮಯದ ಅಭಾವದಿಂದ ಕೃತಿಯ ಮೇಲೆ ಕಣ್ಣಾಡಿಸಿ ಬಂದಿರುತ್ತಾರೆ. ಆದಕಾರಣ ಕೃತಿಯನ್ನು ಬಿಟ್ಟು, ಇಂದಿನ ಮಕ್ಕಳು ಮೊಬೈಲು ಹಿಡಿದು ಓದನ್ನೇ ಮರೆತಿದ್ದಾರೆಂದು ನಲವತ್ತು ನಿಮಿಷ ಮರುಗುತ್ತಾರೆ. ಹಾಗೆ ಮರುಗಲು ಅಡ್ಡಿಯಿಲ್ಲ, ಏಕೆಂದರೆ ಸಭಾಂಗಣದಲ್ಲಿ ಮಕ್ಕಳೇ ಇರುವುದಿಲ್ಲ. ಯಜ್ಞದತ್ತ ಆ ಹೊತ್ತಿಗೆ ಗಣಿತದ ಟ್ಯೂಷನ್ನಿನಲ್ಲಿರುತ್ತಾನೆ.

ಇನ್ನು ಸ್ವೀಕಾರ. ಒಂದು ವಸ್ತುವನ್ನು ತಿಳಿಯುವ ದಾರಿಗಳಿಗೆ ಪ್ರಮಾಣಗಳೆಂದು ಹೆಸರು. ನೈಯಾಯಿಕರು ನಾಲ್ಕೇ ಎಂದರು, ಭಾಟ್ಟ ಮೀಮಾಂಸಕರು ಆರು ಎಂದರು. ಪುಸ್ತಕದ ಮಟ್ಟಿಗೆ ನಾನು ಭಾಟ್ಟ ಪಕ್ಷದವನು. ನಾಲ್ಕರಲ್ಲಿ ಕೆಲಸ ಮುಗಿಯುವುದಿಲ್ಲ.

ಮೊದಲು ಶಬ್ದಪ್ರಮಾಣ, ಎಂದರೆ ಹಿರಿಯರು ಹೇಳಿದ್ದರಿಂದ ನಂಬುವುದು. ಮುನ್ನುಡಿ, ಬೆನ್ನುಡಿ, ವಾಟ್ಸ್ಯಾಪ್ ಗುಂಪಿನ ಕೈಮುಗಿದ ಚಿಹ್ನೆಗಳು ಇದರಲ್ಲಿ ಸೇರುತ್ತವೆ. ‘ಭರವಸೆಯ ಲೇಖಕಿ’, ‘ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುತ್ತದೆ’ ಎಂಬೆರಡು ಇದರ ಮಹಾವಾಕ್ಯಗಳು. ಭರವಸೆ ಎಂಬುದು ದೀರ್ಘಾಯುವಾದ ಗುಣ. ದೇವದತ್ತೆಗೆ ಐವತ್ತು ದಾಟಿದರೂ ಬಿಟ್ಟುಹೋಗದೆ ಇರಬಹುದು. ಈ ವರ್ಗದಲ್ಲಿ ನಾನು ಮನಸಾರೆ ಗೌರವಿಸುವುದು ಒಂದನ್ನೇ, ಪತ್ರಿಕೆಗಳ ‘ಸಾದರ ಸ್ವೀಕಾರ’ವನ್ನು. ಹೆಸರು, ಪುಟ, ಬೆಲೆ, ಪ್ರಕಾಶಕರ ವಿಳಾಸ ಬಿಟ್ಟು ಅದು ಬೇರೇನನ್ನೂ ಹೇಳುವುದಿಲ್ಲ. ಹೇಳಿದ್ದೆಲ್ಲ ನಿಜವಾಗಿರುವ ವಿಮರ್ಶೆ ಅದೊಂದೇ.

ಅನುಮಾನವೆಂದರೆ ಹೊಗೆ ಕಂಡು ಬೆಂಕಿ ಊಹಿಸುವುದು: ಮುಖಪುಟ ಕಂಡು ಕಥೆಯನ್ನು, ಬೆಲೆ ಕಂಡು ತೂಕವನ್ನು, ಹೆಸರು ಕಂಡು ಯೋಗ್ಯತೆಯನ್ನು. ಈ ಕೊನೆಯದಕ್ಕೆ ಪ್ರಕಾಶಕರು ಎಷ್ಟು ಅಂಜುತ್ತಾರೆ ಎಂಬುದಕ್ಕೆ ಪ್ರಸಿದ್ಧ ದೃಷ್ಟಾಂತ ‘ದಿ ಔಟ್‌ಸೈಡರ್ಸ್’. ಒಕ್ಲಹೋಮಾದ ಸೂಸನ್ ಹಿಂಟನ್ ಹೈಸ್ಕೂಲಿನಲ್ಲಿದ್ದಾಗ ಬರೆದ ಈ ಕಾದಂಬರಿಯಲ್ಲಿ ಬೀದಿಹುಡುಗರ ಬಡಿದಾಟವಿದೆ. ಹೆಣ್ಣುಮಗಳ ಹೆಸರು ಕಂಡರೆ ಗಂಡುವಿಮರ್ಶಕರು ಓದುವ ಮೊದಲೇ ತೀರ್ಮಾನಿಸಿಬಿಟ್ಟಾರೆಂದು, 1967ರಲ್ಲಿ ವೈಕಿಂಗ್ ಪ್ರಕಾಶನದವರು ಎಸ್.ಇ. ಎಂಬ ಎರಡು ಅಕ್ಷರಗಳನ್ನಷ್ಟೇ ಅಚ್ಚು ಮಾಡಿದರು. ಆ ಹೊತ್ತಿಗೆ ಆಕೆಗೆ ಹದಿನೆಂಟು. ಹರೆಯದವರ ಸಾಹಿತ್ಯ ಅಮೆರಿಕದಲ್ಲಿ ಬೇರೆ ಕಪಾಟು ಪಡೆದ ಕಥೆಯನ್ನು ಅನೇಕರು ಈ ಪುಸ್ತಕದಿಂದಲೇ ಆರಂಭಿಸುತ್ತಾರೆ.

ಉಪಮಾನಕ್ಕೆ ಹೆಚ್ಚು ಜಾಗ ಬೇಡ. ಕಾಡು ಬಂದರೆ ತೇಜಸ್ವಿ, ಮಂತ್ರದಂಡ ಬಂದರೆ ಹ್ಯಾರಿ ಪಾಟರ್. ಎರಡೂ ಬಂದರೆ ವಿಮರ್ಶಕ ತೊಡಕಿಗೆ ಬೀಳುತ್ತಾನೆ.

ಅರ್ಥಾಪತ್ತಿ ಸ್ವಾರಸ್ಯವಾದದ್ದು. ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಿರಲೇಬೇಕು ಎಂಬುದು ಶಾಸ್ತ್ರದ ಹಳೆಯ ನಿದರ್ಶನ. ನಮ್ಮ ದೇವದತ್ತೆಗೂ ಅದು ಅನ್ವಯಿಸುತ್ತದೆ. ಮೊದಲ ಮುದ್ರಣ ಮುಗಿದಿದೆ, ಕೊಂಡವರು ಒಬ್ಬರೂ ಎದುರಾಗಿಲ್ಲ. ಆದ್ದರಿಂದ ಗ್ರಂಥಾಲಯದ ಸಗಟು ಖರೀದಿ ಆಗಿರಲೇಬೇಕು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಹೀಗೆ ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬನೂ ತನಗೆ ಅರಿವಿಲ್ಲದೆ ಕನ್ನಡ ಕಾದಂಬರಿಯ ಪೋಷಕ. ಸಗಟಿನಲ್ಲಿ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ರಸ, ಧ್ವನಿ, ಔಚಿತ್ಯ ಎಂದು ಸಾವಿರ ವರ್ಷ ಜಗಳವಾಡಿದ ನಾಡಿನಲ್ಲಿ ಕೊನೆಗೂ ತಕರಾರಿಲ್ಲದ ಒಂದು ಅಳತೆಗೋಲು ಸಿಕ್ಕಂತಾಯಿತು.

ಅನುಪಲಬ್ಧಿ, ಎಂದರೆ ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು. ಇದು ಅಂಗಡಿಯಲ್ಲಿ ಸಿದ್ಧಿಸುತ್ತದೆ. ಒಂದು ಕಡೆ ಬಣ್ಣ ತುಂಬುವ ಪುಸ್ತಕ, ಇನ್ನೊಂದು ಕಡೆ ಕೆಎಎಸ್ ಮಾರ್ಗದರ್ಶಿ. ನಡುವಿನ ವಯಸ್ಸಿಗೆ ಕಪಾಟೇ ಇಲ್ಲ. ವಿಮರ್ಶೆಯಲ್ಲೂ ಹಾಗೆಯೇ: ಮಕ್ಕಳ ಸಾಹಿತ್ಯದವರು ‘ಇದು ದೊಡ್ಡವರದು’ ಎನ್ನುತ್ತಾರೆ, ಕಾದಂಬರಿಯವರು ‘ಮಕ್ಕಳದು’ ಎನ್ನುತ್ತಾರೆ. ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರವನ್ನೂ ಮರುವರ್ಷ ಯುವ ಪುರಸ್ಕಾರವನ್ನೂ ಆರಂಭಿಸಿತು. ಮೊದಲನೆಯದು ನೋಡುವುದು ಓದುವವರ ವಯಸ್ಸನ್ನು, ಎರಡನೆಯದು ಬರೆಯುವವರ ವಯಸ್ಸನ್ನು. 2011ರಲ್ಲಿ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ ಬಾಲ ಪುರಸ್ಕಾರ ಪಡೆದಾಗ ನಾ. ಡಿಸೋಜರು ಎಪ್ಪತ್ತು ದಾಟಿದ್ದರು, ಅದರಿಂದ ಯಾವ ಬಾಧೆಯೂ ಆಗಲಿಲ್ಲ. ದೇವದತ್ತೆ ಎರಡಕ್ಕೂ ಅರ್ಹಳು, ಆದ್ದರಿಂದಲೇ ಎರಡರ ನಡುವೆ ಜಾರಿ ಬೀಳುವ ಸಂಭವವೂ ಹೆಚ್ಚು.

ಉಳಿದದ್ದು ಪ್ರತ್ಯಕ್ಷ. ಪುಸ್ತಕವನ್ನು ತೆರೆದು ಓದುವುದು. ಶಾಸ್ತ್ರಕಾರರೆಲ್ಲ ಇದನ್ನು ಮೊದಲಿಗೆ ಇಟ್ಟಿದ್ದಾರೆ; ವ್ಯವಹಾರದಲ್ಲಿ ಕೊನೆಗೆ ಬರುವುದರಿಂದ ನಾನು ಕೊನೆಗೆ ಇಟ್ಟಿದ್ದೇನೆ. ಇದರ ಬಲ ತಿಳಿದವರು ಕೆಲವರಿದ್ದರು. 1936ರಲ್ಲಿ ಲಂಡನ್ನಿನ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್, ಟೋಲ್ಕಿನ್ ಎಂಬ ಭಾಷಾಶಾಸ್ತ್ರದ ಪ್ರಾಧ್ಯಾಪಕನ ಮೊದಲ ಕಾದಂಬರಿ ‘ದಿ ಹಾಬಿಟ್’ನ ಹಸ್ತಪ್ರತಿಯನ್ನು ಹತ್ತು ವರ್ಷದ ಮಗ ರೇನರ್‌ನ ಕೈಗಿತ್ತ. ವರದಿಗೆ ಸಂಭಾವನೆ ಒಂದು ಶಿಲಿಂಗ್. ಹುಡುಗ ಮೆಚ್ಚಿದ, ಐದರಿಂದ ಒಂಬತ್ತು ವರ್ಷದವರಿಗೆ ಹಿಡಿಸುತ್ತದೆ ಎಂದು, ಹತ್ತು ತುಂಬಿದ ತನ್ನನ್ನು ಘನತೆಯಿಂದ ಹೊರಗಿಟ್ಟು ಶರಾ ಬರೆದ. ಮರುವರ್ಷ ಪುಸ್ತಕ ಬಂತು. ಹಲವು ಪ್ರಕಾಶಕರು ತಿರುಗಿಸಿ ಕಳಿಸಿದ್ದ ಮೊದಲ ‘ಹ್ಯಾರಿ ಪಾಟರ್’ ಬ್ಲೂಮ್ಸ್‌ಬರಿಯಲ್ಲಿ ನೆಲೆ ಕಂಡದ್ದು ಮುಖ್ಯಸ್ಥನ ಎಂಟು ವರ್ಷದ ಮಗಳು ಆರಂಭದ ಪುಟಗಳನ್ನು ಓದಿ ಮುಂದಿನದಕ್ಕೆ ಹಟ ಹಿಡಿದದ್ದರಿಂದ. 1997ರ ಮೊದಲ ಮುದ್ರಣ ರಟ್ಟಿನ ಪ್ರತಿ 500 ಮಾತ್ರ. ಪಾವೊಲಿನಿಯ ‘ಎರಗಾನ್’ ಕೂಡ ಕಾದಂಬರಿಕಾರ ಕಾರ್ಲ್ ಹಯಾಸನ್‌ನ ಮಲಮಗ ಓದಿ ಹಿಗ್ಗಿದ ಮೇಲೆಯೇ ನಾಫ್ ಪ್ರಕಾಶನಕ್ಕೆ ತಲುಪಿತು. ಮೂರರಲ್ಲೂ ನಿರ್ಣಾಯಕವಾದದ್ದು ಒಂದು ಮಗುವಿನ ಪ್ರತ್ಯಕ್ಷ. ಇದನ್ನು ಏಳನೆಯ ಪ್ರಮಾಣವಾಗಿ, ಶಿಶುಪ್ರಮಾಣವೆಂದು ಎಣಿಸಬೇಕೆಂಬುದು ನನ್ನ ವಾದ. ಅಲ್ಲಿ ಪ್ರಕಾಶಕರ ಮನೆಯ ಮಗುವಾದರೂ ಓದಿತು. ನಮ್ಮಲ್ಲಿ ಆ ಮಗುವೂ ಟ್ಯೂಷನ್ನಿಗೆ ಹೋಗಿರುತ್ತದೆ.

ಗೌರವ ಪ್ರತಿಗಳ ಹಂಚಿಕೆಯನ್ನು ನೋಡಿ. ವೇದಿಕೆಗೆ, ವಿಮರ್ಶಕರಿಗೆ, ಪತ್ರಿಕೆಗೆ, ಪ್ರಶಸ್ತಿ ಸಮಿತಿಗೆ ಹೋಗುತ್ತವೆ. 1954ರ ಕೇಂದ್ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಪ್ರಕಾಶಕರು ಸ್ವಂತ ಖರ್ಚಿನಲ್ಲಿ ಒಂದು ಪ್ರತಿ ಕಳಿಸಲೇಬೇಕು. ಒಂಬತ್ತನೆಯ ತರಗತಿಗೆ ಕಳಿಸಬೇಕೆಂಬ ಕಾಯ್ದೆ ಎಲ್ಲೂ ಇಲ್ಲ. ಆದ್ದರಿಂದ ಪ್ರಕಾಶಕರಲ್ಲಿ ವಿನಂತಿ: ಮುಂದಿನ ಕಿಶೋರ ಕಾದಂಬರಿಯ ಬಿಡುಗಡೆಯನ್ನು ಯಾವುದಾದರೂ ಸರಕಾರಿ ಪ್ರೌಢಶಾಲೆಯಲ್ಲಿ ಇಟ್ಟುಕೊಳ್ಳಿ, ಭಾನುವಾರ ಬೇಡ, ಶನಿವಾರ ಬೆಳಿಗ್ಗೆ. ಹತ್ತು ಪ್ರತಿಗಳನ್ನು ಮುಖ್ಯೋಪಾಧ್ಯಾಯರ ಬೀರುವಿಗೆ ಕೊಡದೆ ಮಕ್ಕಳ ಕೈಗೆ ಕೊಡಿ. ಉಪ್ಪಿಟ್ಟಿನ ಖರ್ಚೂ ಉಳಿಯುತ್ತದೆ.