ಪೇಟೆನಿಸರ್ಗಸೂತ್ರಂ (ಮೇಲವಂಕಿಯ ಆಕ್ಷೇಪಗಳ ಸಹಿತ)

ಪೇಟೆಯ ನಿಸರ್ಗದ ಬಗ್ಗೆ ಲಲಿತ ಪ್ರಬಂಧ ಬರೆಯುವವರು ಹೆಚ್ಚಿದ್ದಾರೆ, ಅವರಿಗೊಂದು ಶಾಸ್ತ್ರವಿಲ್ಲ. ಆದ್ದರಿಂದ ಗೋಕಾಕದ ಬಾಡಿಗೆ ಮನೆಯ ಕೆಳಗಿನ ಕೋಣೆಯಲ್ಲಿ ಕೂತು ಸೂತ್ರ ರಚಿಸಿದೆವು. ಭಾಷ್ಯವನ್ನೂ ನಾವೇ ಬರೆದೆವು. ಬೇರೆಯವರು ಬರೆಯುವ ಲಕ್ಷಣ ಕಾಣಲಿಲ್ಲ.

ಗುಬ್ಬಿದರ್ಶನೇ ವಿಷಾದಃ. ಅದರ್ಶನೇ ದ್ವಿಗುಣಃ.

ಗುಬ್ಬಿ ಕಂಡರೆ ಬಾಲ್ಯ ನೆನೆದು ಮರುಗತಕ್ಕದ್ದು. ಕಾಣದಿದ್ದರೆ ಮೊಬೈಲ್ ಟವರ್ ಶಪಿಸಿ ಮರುಗತಕ್ಕದ್ದು. ಕಿರಾಣಿ ಅಂಗಡಿಯ ಜೋಳದ ಚೀಲದ ಮೇಲೆ ಗುಬ್ಬಿಗಳು ಹಿಂಡಾಗಿ ಜಗಳಾಡುತ್ತಿದ್ದರೆ? ಲೇಖಕ ಆ ಓಣಿಗೆ ಹೋಗಕೂಡದು.

ಜಲಪಾತೋ ಮನುಷ್ಯೈರಸ್ಪೃಷ್ಟಃ.

ಘಟಪ್ರಭೆ 52 ಮೀಟರ್ ಧುಮುಕುವುದನ್ನು ಕಂಡೊಡನೆ ಇದು ಮನುಷ್ಯನ ಕೈ ತಾಗದ ಚೆಲುವು ಎಂದು ಬರೆಯುವುದು ಸಂಪ್ರದಾಯ. ಬರೆಯುವಾಗ ಗಿರಣಿಗೆ ಬೆನ್ನು ಮಾಡಿ ನಿಲ್ಲಬೇಕು.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ. ಮೇಲವಂಕಿಯವನು, ಕಬ್ಬಿನ ರೈತ, ಶಾಸ್ತ್ರ ಓದಿದವನಲ್ಲ. "ಸಾಹೇಬ್ರ, ಈ ನೀರು 1887ರಿಂದ ನೂಲಿನ ಗಿರಣಿಗೆ ದುಡದೈತಿ. ಮ್ಯಾಲೆ ಧೂಪದಾಳ ಒಡ್ಡಿನ್ಯಾಗ ಕಾಲುವಿಗೆ ತಿರುವಿದ್ರ ಬ್ಯಾಸಗ್ಯಾಗ ಬರೀ ಬಂಡಿ ಕಾಣತೈತಿ. ಚಳಿಗಾಲದಾಗ ಕರ್ಕರೆ ಹಕ್ಕಿ ಬರೂದೂ ಆ ಒಡ್ಡಿನ ಹಿನ್ನೀರಿಗೇ. ಹಕ್ಕಿಗಿಲ್ಲದ ಮಡಿ ನಿಮಗ್ಯಾಕ್ರಿ?"

ಸಿದ್ಧಾಂತ: 1974ರಲ್ಲಿ ಅದನ್ನು ಘಟಪ್ರಭಾ ಪಕ್ಷಿಧಾಮವೆಂದು ಸಾರಲಾಯಿತು. ಅಂದಿನಿಂದ ಆ ಹಿನ್ನೀರು ನಿಸರ್ಗ. ಅದಕ್ಕೆ ಮೊದಲು ಬರೀ ನೀರಾವರಿ.

"ಹಂಗಾರ ನಮ್ಮ ಕಬ್ಬು?"

ಕಬ್ಬು ನಿಸರ್ಗವಲ್ಲ, ಬಾಕಿ ಬಿಲ್ಲು.

ಈ ಉತ್ತರ ನಮಗೇ ಅಷ್ಟು ಹಿಡಿಸಲಿಲ್ಲ. ಆದರೂ ಸೂತ್ರಕಾರನಿಗೆ ಹಿಂದೆ ಸರಿಯುವ ಅಧಿಕಾರವಿಲ್ಲವಾದ್ದರಿಂದ ಮುಂದೆ ಹೋದೆವು.

ನಿಸರ್ಗೋ ಬಹಿಃ ಸ್ಥಾಪ್ಯೋ ವಾತಾಯನಾದ್ ದೃಶ್ಯಃ.

ನಿಸರ್ಗವನ್ನು ಹೊರಗಿಟ್ಟು ಕಿಟಕಿಯಿಂದ ನೋಡತಕ್ಕದ್ದು. ಇಡೀ ಶಾಸ್ತ್ರದ ತಿರುಳು ಇದೇ. ಇದರ ಭಾಷ್ಯವೇ ಎಲ್ಲಕ್ಕಿಂತ ದೊಡ್ಡದಾಗಿತ್ತು. 2019ರ ಆಗಸ್ಟ್‌ನಲ್ಲಿ ಲೋಳಸೂರ ಸೇತುವೆ ಮುಳುಗಿ, ಹೊಳೆ ಪೇಟೆಗೆ ನುಗ್ಗಿ, ಸದರಿ ಕಿಟಕಿಯಿಂದಲೇ ಒಳಬಂದು ಹಸ್ತಪ್ರತಿಯನ್ನು ಒಯ್ದಿತು. ಆದ್ದರಿಂದ ಮುದ್ರಿತ ಪಾಠದಲ್ಲಿ ಈ ಭಾಗ ತ್ರುಟಿತ. ಹೊಳೆಯ ಪಾಠಾಂತರ ನಮಗೆ ಸಿಕ್ಕಿಲ್ಲ.

ಪೂರ್ವಪಕ್ಷಿ ಮಾತ್ರ ಮರುಗಿದ. "ಪಂಚನಾಮೆ ಮಾಡಸ್ರಿ ಸಾಹೇಬ್ರ. ತಲಾಟಿ ಕೇಳಿದ್ರ ಭಾಷ್ಯ ಹೋತು ಅನಬ್ಯಾಡ್ರಿ, ಎಮ್ಮಿ ಹೋತು ಅಂತ ಬರಸ್ರಿ. ಎಮ್ಮಿಗೆ ರೇಟ್ ಐತಿ."